ಜಗ್ಗುವ ಜಾತಿ

ಬರಗೂರು ಬೆಟ್ಟದ ಎಂಟನೇ ತಿರುವಿನಲ್ಲಿ
ಟೊಮೇಟೊ ಲಾರಿಯಿಂದ ಇಳಿದವು ಎರಡು ನಾಯಿ.
ಕೊಡೈಕೆನಾಲಿನಲ್ಲಿ ಯಾವುದೋ ರೆಸಾರ್ಟು ಮುಚ್ಚಿತಂತೆ,
ಅಲ್ಲಿ ಗಾಲಿಬಂಡಿಯಲ್ಲಿ ಮಕ್ಕಳನ್ನು ಕೂರಿಸಿ
ಹತ್ತಿಯ ಹಿಮದ ನಡುವೆ ಎಳೆಯುತ್ತಿದ್ದವಂತೆ.
ಅಡುಗೆಗಿದ್ದ ಭಾವ
ಬಾಕಿ ಸಂಬಳಕ್ಕೆ ಬದಲು ಇವನ್ನೇ ಹಿಡಿದು ತಂದ.

"ತೋಳ ಕಣಮ್ಮಿ" ಅಂದ ಕೇತಜ್ಜ,
ದನದ ಪಟ್ಟಿಯ ಬಾಗಿಲು ಬಿಗಿದು.
ಒಂದಕ್ಕೆ ಎರಡೂ ಕಣ್ಣು ಮೈಲುತುತ್ತದ ನೀಲಿ,
ಇನ್ನೊಂದಕ್ಕೆ ಒಂದೇ.
ಚೀಟಿಯ ಹೆಸರಿಗೆ ನಮ್ಮ ನಾಲಿಗೆ ಹೊರಳಲಿಲ್ಲ,
ಸುಣ್ಣಿ ಅಂದೆವು, ಬೂದ ಅಂದೆವು.
ಬೊಗಳುವುದಿಲ್ಲ. ಸಂಜೆ ಕತ್ತೆತ್ತಿ ಊಳಿಟ್ಟರೆ
ಮಲಗಿದ ಮಂದೆಯೆಲ್ಲ ಎದ್ದು ನಿಲ್ಲುತ್ತದೆ.

ಅಂದಿಯೂರಿನ ದನದ ಡಾಕ್ಟರು
ಏಸಿ ಇದೆಯಾ ಎಂದರು ಫೋನಿನಲ್ಲಿ.
ಇಲ್ಲಿ ಕರೆಂಟೇ ನೆಂಟ,
ಬಂದರೂ ಉಣ್ಣದೆ ಹೋಗುವವ.

ಮುತ್ತುಗ ಉದುರಿ ಕಕ್ಕೆ ಇನ್ನೂ ಬಿಡದ ದಿನಗಳಲ್ಲಿ
ಬೂದನ ಮೈ ಬಿಚ್ಚಿಕೊಳ್ಳುತ್ತದೆ.
ಬಾಚಿದಷ್ಟೂ ಕೂದಲು, ಮೊರದ ತುಂಬ ಕೂದಲು,
ಬೇಲಿಯ ಮೇಲೆ ಪಿಕಳಾರ ಸರದಿ ಕಾಯುತ್ತದೆ.
ಲಂಟಾನದ ಪೊದೆಯೊಳಗೆ ಒಂದು ಗೂಡು ಕಂಡೆ:
ಯಾವುದೋ ಧ್ರುವದ ಚಳಿಗೆ ಮಾಡಿಟ್ಟ ಹಾಸಿಗೆ,
ಮೂರು ಮೊಟ್ಟೆ ಬೆವರುತ್ತಿದ್ದವು.

ಬಿಸಿಲೇರಿದರೆ ಎರಡೂ ಹಗೇವಿಗೆ ಇಳಿಯುತ್ತವೆ,
ರಾಗಿ ಮುಗಿದು, ಒಂದು ಮಗ್ಗುಲು ಕುಸಿದು
ಇಳಿಜಾರಾದ ಹಳೆಯ ಹಗೇವು.
ಮೊದಲು ದೀಪ ಇಳಿಸುತ್ತೇನೆ.
ದೀಪ ಉರಿದರೆ ನಾಯಿ.

ಭಾದ್ರಪದದಲ್ಲಿ ಕೋಳಿಕುಟುಮ ಬೇಲಿ ಹತ್ತಿ
ಬೆಂಕಿಯ ಉಗುರು ಬಿಡುತ್ತದೆ.
ಹೂವನ್ನು ಮುಟ್ಟುವವರಿಲ್ಲ,
ಗಡ್ಡೆಯ ಹೆಸರೆತ್ತುವವರಿಲ್ಲ.
ಸುಣ್ಣಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳಬೇಕಿತ್ತು?
ತೋಡುವುದು ಅದರ ಹುಟ್ಟು ಚಟ,
ಹಿಮದಡಿ ಮಲಗಲು ಕಲಿತದ್ದು.
ಮಜ್ಜಿಗೆ ಹುಯ್ದೆ, ಹುಣಸೆನೀರು ಹುಯ್ದೆ.
ಬೆಳಗಿನ ಬಸ್ಸು ತಿರುವಿನಲ್ಲಿ ಕೂಗುವಾಗ
ನೀಲಿ ಕಣ್ಣೆರಡೂ ತೆರೆದೇ ಇದ್ದವು.

ಹುಚ್ಚೆಳ್ಳು ಹಳದಿಯಾಯಿತು. ಅವರೆಗೆ ಸೊನೆ ಬಂತು.
ಬೂದ ಉಣ್ಣಲಿಲ್ಲ, ಊಳಿಡಲಿಲ್ಲ.
ಕೊನೆಗೆ ಕೇತಜ್ಜನೇ ಬಂದ, ಹೊಸಿಲಾಚೆ ನಿಂತು,
"ಅದ್ನ ಒಂದಪ ಕೂಗ್ಸಮ್ಮಿ,
ಹೊತ್ತಾದ್ರೂ ದನ ಏಳ್ತಾನೇ ಇಲ್ಲ."

ಪುಷ್ಯದ ಮಂಜಿನಲ್ಲಿ ತೆನೆ ಕಣಕ್ಕೆ ಸಾಗಿಸುವಾಗ
ಮೊಳೆಯಿಂದ ಪಟ್ಟೆ ಇಳಿಸಿದೆ.
ಜೋಡಿ ಪಟ್ಟೆ. ಬೇರೆ ಮಾಡಲು ಗೊತ್ತಾಗಲಿಲ್ಲ.
ಬೂದ ತಾನೇ ಎದೆ ತೂರಿಸಿತು.
ಹಲಗೆಗೆ ಒಂದೇ ಒಂದು ಹೊರೆ ಕಟ್ಟಿದೆ,
ಹೊಲದವರು ನಗುತ್ತ ನಿಂತರು.

ಎತ್ತು ಎಳೆಯುವ ಹಾಗಲ್ಲ,
ಮುಂದಿನಿಂದ ಯಾರೋ ಕರೆದ ಹಾಗೆ
ಓಡಿತು, ಇಬ್ಬನಿಯ ಕೂಳೆ ಸೀಳುತ್ತ,
ದಾರಿಯ ಎಡಕ್ಕೇ ಒತ್ತಿಕೊಂಡು,
ಬಲಕ್ಕೆ ಒಂದು ನಾಯಿ ಅಗಲ ಜಾಗ ಬಿಟ್ಟು.
ಆ ಜಾಗದಲ್ಲಿ ಖಾಲಿ ಪಟ್ಟೆ
ಮಣ್ಣಿಗೆ ಗೀರುತ್ತ ಹೋಯಿತು, ಕಣದವರೆಗೂ.