ಎಡಕ್ಕೆ ತಿರುಗಿದಾಗ

ಮೊದಲ ಸಲ ತಂದದ್ದು ನವೆಂಬರಿನಲ್ಲಿ. ಮೂರು ಗಂಟೆಗೇ ಕತ್ತಲು.
ರೂಬಿ ಹ್ಯಾಲ್‌ಕ್ರೋ, ಸ್ಕ್ಯಾಲೋವೇ ಬಂದರಿನಲ್ಲಿ ಮೀನು ತೂಗುವವಳು,
ತೋಳಿನ ತುಂಬ ಪೊರೆ, ತಳ್ಳಿಕೊಂಡೇ ಬಂದಳು
ಅರವತ್ತೇಳನೇ ಇಸವಿಯ ಬಿಎಸ್‌ಎ ಗಾಡಿಯನ್ನು.
‘ಸಾಯುತ್ತದೆ,’ ಅಂದಳು. ‘ಆಮೇಲೆ ಬದುಕುತ್ತದೆ.’
‘ಯಾವಾಗ?’
‘ಅದಕ್ಕೆ ಮನಸ್ಸು ಬಂದಾಗ.’

ಒಂದೇ ಒದೆತಕ್ಕೆ ಎದ್ದಿತು.
ದೀಪ ಬೆಳ್ಳಗೆ, ಹಾರ್ನು ಕತ್ತೆಯ ಹಾಗೆ,
ಆಮ್‌ಮೀಟರಿನ ಮುಳ್ಳು ಏನೂ ಅರಿಯದ ಮಗುವಿನಂತೆ
ನಟ್ಟನಡುವೆ.
ವೈದ್ಯರ ಮುಂದೆ ಕೆಮ್ಮು ಬರುವುದಿಲ್ಲವಲ್ಲ.

ಆದರೂ ಹುಡುಕಿದೆ. ಶೆಟ್‌ಲ್ಯಾಂಡಿನಲ್ಲಿ ಗಾಳಿಗೂ ಉಪ್ಪು ಹಾಕಿರುತ್ತಾರೆ;
ಬ್ಯಾಟರಿಯ ತುದಿಗೆ ಹಸಿರು ಕಿಲುಬು, ಉಜ್ಜಿದೆ.
ಸೀಟಿನಡಿ ಹಿಂದಿನ ಮಾಲೀಕನ್ಯಾರೋ
ತುಂಡಾದ ವಯರಿಗೆ ಗಾಯದ ಪಟ್ಟಿ ಸುತ್ತಿ
ಮೀನುಬಲೆಯ ದಾರದಲ್ಲಿ ಬಿಗಿದಿದ್ದ,
ಪಾಪ, ಅವನ ಕೈಲಾದಷ್ಟು.
ಈ ಗಾಡಿಗಳದು ತಲೆಕೆಳಗು ಬುದ್ಧಿ,
ಪಾಸಿಟಿವ್ ವಯರನ್ನೇ ಚಾಸಿಗೆ ಕಟ್ಟಿರುತ್ತಾರೆ.
ಅದನ್ನೂ ಬಿಚ್ಚಿ ಕಟ್ಟಿದೆ. ಅರ್ತ್ ಸಿಕ್ಕಿತು.
ಅರ್ಥ ಸಿಗಲಿಲ್ಲ.

ಎರಡನೇ ಸಲ ಪಾಯಿಂಟು, ಕಂಡೆನ್ಸರು. ನಲವತ್ತು ಪೌಂಡು.
ಮೂರನೇ ಸಲ, ಕ್ರಿಸ್‌ಮಸ್ಸಿಗೆ ವಾರವಿದ್ದಾಗ,
ಕೈಕೂಡ ಒರೆಸಿಕೊಳ್ಳದೆ ಅಂದೆ: ‘ಏನೂ ಇಲ್ಲ, ರೂಬಿ.’

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.
‘ನಿನಗೆ ಕಾಣಲಿಲ್ಲ ಅನ್ನು,’ ಅಂದಳು. ‘ಹತ್ತು.’

ಹಿಂದೆ ಕೂತೆ, ಐವತ್ತೆಂಟರ ಈ ದೇಹ,
ಒಂದು ಕೈಲಿ ಟಾರ್ಚು, ಇನ್ನೊಂದರಲ್ಲಿ ಅವಳ ಬೆಲ್ಟು.
ಟಿಂಗ್‌ವಾಲ್ ರಸ್ತೆ ನೆಟ್ಟಗಿರುವವರೆಗೂ
ಗಾಡಿ ಚಿನ್ನ.
ಕಲ್ಲುಕ್ವಾರಿಯ ಹತ್ತಿರ, ಅವಳ ಮನೆಯ ಓಣಿಗೆ
ನಿಧಾನಿಸಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಎಳೆದಳು —

ದೀಪ ಇಲ್ಲ. ಎಂಜಿನ್ ಇಲ್ಲ.
ದೂರದ ಸಮುದ್ರ ಹತ್ತಿರ ಬಂತು.
ಕತ್ತಲಲ್ಲಿ ಎಲ್ಲೋ ಒಂದು ಕುರಿ ಕೆಮ್ಮಿತು.

‘ನೋಡಿದೆಯಾ’ ಎನ್ನಲಿಲ್ಲ ಅವಳು.
ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಟಾರ್ಚು ಹಲ್ಲಲ್ಲಿ ಕಚ್ಚಿ ಮೊಣಕಾಲೂರಿದೆ.
ಬಲಕ್ಕೆ ತಿರುಗಿಸಿದರೆ ಮುಳ್ಳು ಬೆಚ್ಚಿ ಎದ್ದಿತು,
ಎಡಕ್ಕೆ ಹೊರಳಿಸಿದರೆ ಮಲಗಿತು.
ಕತ್ತಿನ ಬಳಿ ಟೇಪು ಬಿಚ್ಚಿ
ಕಂದು-ನೀಲಿ ವಯರನ್ನು ಬೆರಳ ನಡುವೆ
ನಾಡಿ ಹಿಡಿದ ಹಾಗೆ ಹಿಡಿದು ಸವರುತ್ತ ಹೋದೆ.
ಮೇಲೆ ಚರ್ಮ ನುಣುಪು, ಒಂದು ಬಿರುಕಿಲ್ಲ.
ಒಂದು ಕಡೆ ಮಾತ್ರ ಮೆತ್ತಗೆ.
ಕೊಯ್ದು ನೋಡಿದರೆ ಒಳಗೆ ತಾಮ್ರವೆಲ್ಲ ಹರಿದು ಕಪ್ಪಾಗಿ
ಎರಡೇ ಎಳೆ, ನೆಟ್ಟಗಿದ್ದಾಗ ಮುಟ್ಟಿಕೊಂಡು,
ತಿರುಗಿದಾಗ ಕೈಬಿಟ್ಟು.
ಐವತ್ತು ವರ್ಷ ದಿನಕ್ಕೆ ಎಷ್ಟು ಬಾರಿ ಬಾಗಿಸಿದ್ದರೋ.

ಅಲ್ಲೇ ಬೆಸೆದು ಬಂದೆ. ದುಡ್ಡು ಕೊಡಬಂದಳು.
ನಲವತ್ತು ಪೌಂಡನ್ನು ನಾನೇ ಹಿಂದಿರುಗಿಸಬೇಕಿತ್ತು;
ನೆನಪಾದದ್ದು ಅರ್ಧ ದಾರಿ ನಡೆದ ಮೇಲೆ.

ಮನೆಯಲ್ಲಿ ಓಸ್ಲಾ ಆಲೂಗಡ್ಡೆ ಹೆರೆಯುತ್ತಿದ್ದಳು.
ಬೇಸಿಗೆಯಿಂದ ಹೇಳುತ್ತಿದ್ದಾಳೆ: ಎದೆ ಒಮ್ಮೊಮ್ಮೆ
ಒಂದು ಮೆಟ್ಟಿಲು ತಪ್ಪಿದ ಹಾಗೆ.
ಲರ್ವಿಕ್ ಆಸ್ಪತ್ರೆಯಲ್ಲಿ ಮೈತುಂಬ ವಯರು ಅಂಟಿಸಿ
ಗೆರೆಕಾಗದ ತೆಗೆದರು. ಗೆರೆಗಳು ಚೆಂದ ಬಂದವು.
ಏನೂ ಇಲ್ಲ ಅಂದರು.
ನಾನೂ ಅಂದೆ, ಅವರಿಗಿಂತ ಬೇಗ.

ಕೈ ತೊಳೆಯುತ್ತ, ಬೆನ್ನು ಅವಳ ಕಡೆ, ಕೇಳಿದೆ:
‘ಯಾವ ಕಡೆ ತಿರುಗಿದಾಗ?’
‘ಏನು?’
‘ಎದೆ.’

ಚಾಕು ನಿಂತಿತು. ‘ನಾನೇನು ನಿನ್ನ ಗಾಡಿಯಾ?’
ನಕ್ಕಳು, ಅಷ್ಟೇನೂ ಅಲ್ಲ.
ಕೆಟಲು ಕೂಗಿ ಸುಮ್ಮನಾಯಿತು.
‘ಎಡಕ್ಕೆ,’ ಅಂದಳು ಆಮೇಲೆ, ಸಿಪ್ಪೆಯನ್ನು ನೋಡುತ್ತ.
‘ಎಡ ಮಗ್ಗುಲಿಗೆ ಮಲಗಿದಾಗ. ಯಾರೂ ಕೇಳಿರಲಿಲ್ಲ.’

ಕುರ್ಚಿ ಎಳೆದು ಎದುರು ಕೂತೆ,
ಉಗುರಿನ ಸಂದಿಯಲ್ಲಿ ಇನ್ನೂ ಮಸಿ.
ಎಷ್ಟು ಹೊತ್ತಿಗೆ, ಬಿಸಿಯಾದಾಗಲೋ ತಣ್ಣಗಿದ್ದಾಗಲೋ,
ತಾನೇ ಸರಿಹೋಗುತ್ತದೋ, ಏನಾದರೂ ಅಲುಗಿದರೋ —
ಒಂದೊಂದಾಗಿ.