ಬಿಟ್ಟ ಸ್ಥಳ

ಗದಗಿನಿಂದ ವರ್ಗವಾಗಿ ಮಲ್ಪೆಗೆ ಬಂದ ವರ್ಷ
ನನಗೆ ಮೀನೆಂದರೆ ಮೀನು, ಅಷ್ಟೇ.
ಏಳನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು.
ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಒಡಿಯಾ;
ಕನ್ನಡ ಬೆಳಿಗ್ಗೆ ಹತ್ತಕ್ಕೆ ಬ್ಯಾಗಿನ ಜೊತೆ ಬಂದು
ನಾಲ್ಕಕ್ಕೆ ಬ್ಯಾಗಿನ ಜೊತೆಗೇ ಹೋಗುತ್ತಿತ್ತು.
"ತತ್ತಿ" ಅಂದೆ ಒಮ್ಮೆ.
ನಕ್ಕು ನಕ್ಕು ಬೆಂಚು ಬೀಳಿಸಿದರು.

ಬೋಟಿನವರ ಸಂಘ ಕೊಟ್ಟ ಪ್ರೊಜೆಕ್ಟರು,
ನನ್ನ ಮೊಬೈಲಿನ ಡೇಟಾ,
ಸುಣ್ಣ ಎದ್ದ ಗೋಡೆ.
ಚಿತ್ರಗಳನ್ನು ಹೆಕ್ಕಿ ಹೆಕ್ಕಿ ಚುಚ್ಚಿಡುವ ಒಂದು ಜಾಲತಾಣ,
ಗುಂಡುಪಿನ್ನಿಲ್ಲದ, ಮೊಳೆಯಿಲ್ಲದ ಫಲಕ.
ಒಂದು ಪದ, ಅದಕ್ಕೊಂದು ಚಿತ್ರ, ಕೆಳಗೊಂದು ವಾಕ್ಯ:
ಇಷ್ಟೇ ನನ್ನ ಪಾಠಯೋಜನೆ.

"ಮನೆ" ಎಂದು ಹುಡುಕಿದರೆ ಹಿಮದಡಿ ಮರದ ಮನೆ, ಚಿಮಣಿಯಲ್ಲಿ ಹೊಗೆ.
"ಬಲೆ" ಎಂದರೆ ಇಬ್ಬನಿ ಕೂತ ಜೇಡರ ಬಲೆ.
"ಕಡಲು" ಎಂದರೆ ಸೂರ್ಯ ಮುಳುಗುವ ಕಡಲು,
ಅದರ ಮೇಲೆ ಯಾರದೋ ಬುದ್ಧಿಮಾತು.
"ಟೀಚರ್, ಈ ಕಡಲಿಗೆ ವಾಸನೆಯೇ ಇಲ್ಲ," ಎಂದ ತನುಷ್ ಮೆಂಡನ್.
ಹಿಂದಿನ ಬೆಂಚಿನ ಶಮ್ನಾ, "ಒಂದು ಬೋಟೂ ಇಲ್ಲ, ಪಾಪ."

ಸರಿ, ಹಾಗಾದರೆ ನೀವೇ ತನ್ನಿ.
ವಾರದ ಪದ: ನೀಲಿ.
ನಾನು ನಮ್ಮ ಕಡೆಯ ನೀಲಿ ನೆನೆದೆ,
ಬಿಳಿ ಅಂಗಿಗೆ ಹಾಕುವುದು, ಒಂದು ಬಕೆಟ್ಟಿನಲ್ಲಿ ಮುಗಿಯುವಷ್ಟು.
ಅವರು ಮನೆಯವರ ಫೋನಿನಲ್ಲಿ ಹಿಡಿದು ತಂದರು:
ಐಸ್ ಫ್ಯಾಕ್ಟರಿಯ ಟಾರ್ಪಾಲು, ಡೀಸೆಲ್ ಡ್ರಮ್ಮು,
ಒಂಟಿ ಹವಾಯಿ ಚಪ್ಪಲಿ,
ಮೀನು ಮಾರುವ ಅಜ್ಜಿಯ ಉಗುರಲ್ಲಿ ಉಳಿದ ಓಟಿನ ಶಾಯಿ.
ಅದು ನೀಲಿಯೋ ನೇರಳೆಯೋ ಎಂದು ಅರ್ಧ ಪೀರಿಯಡ್ ಜಗಳ.
ಜಗಳ ಕನ್ನಡದಲ್ಲೇ ನಡೆಯಿತು.
ನಾನು ಬಾಯಿ ಬಿಡಲಿಲ್ಲ.

ಮಿನತಿ ಬೆಹೆರಾ ಜೂನಿನಿಂದ ಒಂದು ಮಾತಾಡಿದವಳಲ್ಲ.
ಹಾಜರಿಗೆ ಕೈ ಎತ್ತುತ್ತಾಳೆ, ಇಳಿಸುತ್ತಾಳೆ.
ಅವಳು ಚುಚ್ಚಿದ್ದು ಒಂದು ಕಪ್ಪು ಚೌಕ.
ಫೋನಿನ ಪರದೆ, ಆ ಪರದೆಯದೇ ಫೋಟೊ;
ನಡುವೆ ಸುತ್ತಿ ಸುತ್ತಿ ನಿಂತುಬಿಟ್ಟ ಸಣ್ಣ ಉಂಗುರ.
"ಇದರಲ್ಲಿ ನೀಲಿ ಎಲ್ಲಿದೆ?" ಯಾರೋ ಕೇಳಿದರು.
ಅವಳು ಎದ್ದಳು, ಗೋಡೆಯ ತನಕ ನಡೆದಳು,
ಕಪ್ಪಿನ ಮೇಲೆ ಬೆರಳಿಟ್ಟಳು.
ಬೆರಳಿನ ನೆರಳೂ ಅದರೊಳಗೆ ಹೋಯಿತು.
"ಇದು ಅಪ್ಪ.
ಬೋಟಿನಲ್ಲಿ. ರೇಂಜ್ ಇಲ್ಲ."

ಹದಿನಾಲ್ಕು ವರ್ಷದ ಅಭ್ಯಾಸ
ನಾಲಿಗೆಯ ತುದಿಗೆ ಬಂದು ಕೂತಿತ್ತು:
ಇದು ಅಲ್ಲ, ಇವರು.
ಇದು ಎಂದರೆ ನಪುಂಸಕಲಿಂಗ,
ಕಲ್ಲಿಗೆ, ಮೇಜಿಗೆ, ಮಳೆಗೆ. ಮನುಷ್ಯರಿಗಲ್ಲ.
ಆ ಚೌಕವನ್ನು ನೋಡಿದೆ.
ಇವರು ಎನ್ನಲು ಅದರಲ್ಲಿ ಯಾರಿದ್ದರು?
ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ಕಲಿಕಾ ಫಲದ ಕಾಲಮ್ಮಿನಲ್ಲಿ ಆ ದಿನ
"ಬಣ್ಣಗಳು" ಎಂದಷ್ಟೇ ಬರೆದು ಸಹಿ ಹಾಕಿದೆ.

ಹನ್ನೆರಡನೇ ದಿನ ಬೋಟು ಬಂತು.
ನನಗೆ ಯಾರೂ ಹೇಳಲಿಲ್ಲ, ಫಲಕ ಹೇಳಿತು.
ಕಪ್ಪು ಚೌಕದ ಪಕ್ಕಕ್ಕೇ ಹೊಸ ಚಿತ್ರ:
ಬಂದರಿನ ಟ್ಯೂಬ್‌ಲೈಟಿನಡಿ ಗಡ್ಡ ಬಿಟ್ಟ ಗಂಡಸು,
ನಿದ್ದೆಗೆ ಅರ್ಧ ಮುಚ್ಚಿದ ಕಣ್ಣು,
ಎರಡು ಕೈಯಲ್ಲಿ ಎತ್ತಿ ಹಿಡಿದ ತೋಳಿನುದ್ದದ ಮೀನು.
ಕೆಳಗೆ ಅವಳೇ ಟೈಪಿಸಿದ್ದು:

ಇವರು ಅಪ್ಪ.
ಇದು ________.

ಯಾರು ಹೇಳಿಕೊಟ್ಟರು ಎಂದರೆ ತಲೆ ಅಲ್ಲಾಡಿಸುತ್ತಾಳೆ.
ತರಗತಿ ನನ್ನತ್ತ ನೋಡುತ್ತಿದೆ.
ಬಿಟ್ಟ ಸ್ಥಳ ತುಂಬಿರಿ ಎಂದು
ಹಲಗೆಯ ಮೇಲೆ ಸಾವಿರ ಸಲ ಬರೆದವಳು ನಾನು.
"ಅಂಜಲ್?" ಎನ್ನುತ್ತೇನೆ, ಮೆಲ್ಲಗೆ.
ಮೂವತ್ತು ಬಾಯಿ ಒಟ್ಟಿಗೆ: "ಅಲ್ಲ ಟೀಚರ್!"

ಮಿನತಿ ಮಾತ್ರ ಸುಮ್ಮನಿದ್ದಾಳೆ.
ಇನ್ನೊಂದು ಸಲ ಹೇಳಲಿ ಎಂದು,
ನಾನು ಎಂದೂ ಯಾರಿಗೂ ಕಾಯದಷ್ಟು ಹೊತ್ತು
ಕಾಯುತ್ತಾ.