ಮುಕ್ಕಾಲು ಗಂಟೆ ಹಗಲು

ಕಂಬಿ ಇಡ್ಕಳಿ ಸಾ, ಗಟ್ಟಿಯಾಗಿ.
ಅಮ್ಮಾವ್ರೇ, ಮಗೀನ ತಲೆ ಒಳೀಕೆ.
ಇದು ರಸ್ತೆಯಲ್ಲ, ರಸ್ತೆ ಹೆತ್ತ ಹೊಟ್ಟೆ.
ಎದೆ ಒಂದ್ಸಲ ಗಂಟಲಿಗೆ ಬಂದು ಓಯ್ತದೆ, ಹೆದರ್ಕಬ್ಯಾಡಿ,
ಈ ಜೀಪೂ ನಾನೂ ಒಂದೇ ಓರಗೆ,
ಇಬ್ಬರಿಗೂ ಮಂಡಿನೋವು.

ಎಡಕ್ಕೆ ನೋಡಿ. ಎಪ್ಪತ್ತಡಿ ಕಲ್ಲು, ನೆಟ್ಟಗೆ.
ಬಲಕ್ಕೂ ಅಷ್ಟೇ.
ಬಿಸಿಲು ತಿಂದೂ ತಿಂದೂ ತಾಮ್ರದ ಹಂಡೆ ಬಣ್ಣ.
ರೆಸಾರ್ಟಿನ ಓನರು ಬಾಯಿಪಾಠ ಮಾಡ್ಸವ್ರೆ:
"ಲಕ್ಷಾಂತರ ವರ್ಷಗಳ ಹಿಂದೆ
ಪ್ರಕೃತಿಮಾತೆ ಕೆತ್ತಿದ ಕಣಿವೆ."
ಇಂಗ್ಲಿಷಲ್ಲೂ ಬತ್ತದೆ. ಬ್ಯಾಡ ಬುಡಿ.

ಪುಟ್ಟವ್ವ, ಏನ್ ನೋಡ್ತಿದ್ದೀಯ ಅಲ್ಲಿ?
ಗೋಡೆ ಮೇಲಿನ ಗೀಟಾ?
ಬಾ, ಇಳಿ. ಬೆಟ್ಟು ಇಕ್ಕು ಇಲ್ಲಿ.
ಕೊಳಲು ಸೀಳಿದಂಗಿಲ್ವಾ?
ಮಳೆ ಇಷ್ಟು ನೇರ ಕೊರೆಯಕ್ಕಿಲ್ಲ ಮಗ,
ಹೊಳೆಗೆ ಗೆರೆ ಎಳೆಯಕ್ಕೆ ಬರಕ್ಕಿಲ್ಲ.
ಇದು ನಂದು.
ಗಂಗಬೋವಿ ಆ ಕಡೆಯಿಂದ, ನಾನು ಈ ಕಡೆಯಿಂದ,
ಜಾಕ್‌ಹ್ಯಾಮರು ಎದೆಗಾನಿಸ್ಕೊಂಡು
ದಿನಕ್ಕೆ ಇಪ್ಪತ್ತು ತೂತು.
ಇವತ್ತೂ ಮುದ್ದೆ ಮುರಿಯುವಾಗ
ಬೆರಳು ಗುಂಯ್ ಅಂತವೆ.

ಲಕ್ಷ ವರ್ಷ ಏನಿಲ್ಲ ಸಾ. ಹತ್ತೊಂಬತ್ತು.
ಕೋಡಿಗಲ್ಲ ಬೆಟ್ಟ ಅಂತಿದ್ರು.
ಈಗ ಕೋಡೂ ಇಲ್ಲ, ಬೆಟ್ಟಾನೂ ಇಲ್ಲ,
ಹೆಸರು ಮಾತ್ರ ರೇಷನ್ ಕಾರ್ಡಲ್ಲಿ ಅದೆ.
ಎಲ್ಲಿಗೋಯ್ತು ಅಂದ್ರಾ?
ನೀವು ಮೈಸೂರಿಂದ ಬಂದ್ರಲ್ಲ,
ಲೋಟದ ಕಾಪಿ ಚೆಲ್ಲದಂಗೆ,
ಬೆಟ್ಟದ ಮೇಲೇ ಬಂದ್ರಿ.

ಹತ್ತಿ, ಹತ್ತಿ. ಹೊತ್ತಾಯ್ತು.
ಇದು ಟಿಪ್ಪರು ರಿವರ್ಸ್ ತಗೊಳ್ಳೋ ಜಾಗ.
ತೋಪಯ್ಯ ಅಂತ ಒಬ್ಬ, ಕಡ್ಲೆಕಾಯಿ ಬಿಡಿಸ್ತಾ
ಒಂದೇ ಕೈಯಲ್ಲಿ ತಿರುಗಿಸೋನು, ಸಿಪ್ಪೆ ಎಲ್ಲ ಕಿಟಕಿಯಾಚೆ.
ಕೆಳಗೆ ಹಸುರು ನೀರು ಕಾಣ್ತದಲ್ಲ,
ಪಂಪು ನಿಲ್ಲಿಸಿದ ಮೇಲೆ ತಾನಾಗೇ ತುಂಬ್ಕೊಂಡಿದ್ದು.
ಆಳ ಕೇಳಬ್ಯಾಡಿ. ಒಂದು ಹಿಟಾಚಿ ಒಳಗೇ ಅದೆ.
ಮೀನು ಎಲ್ಲಿಂದ ಬಂದವೋ.
ಬಂದವೆ.

ಇಗೋ. ಇಂಜಿನ್ ಆಫ್.

ಆ ಸೀಳಲ್ಲಿ, ಎರಡು ಗೋಡೆ ನಡುವೆ ನೋಡಿ,
ಆಲೆಮನೇಲಿ ಅಚ್ಚಿಂದ ಈಗ ತಾನೇ ಬಿದ್ದ ಬೆಲ್ಲ,
ಇನ್ನೂ ಬಿಸಿ, ಇನ್ನೂ ಮೆತ್ತಗೆ,
ಒತ್ತಿದ್ರೆ ಬೆರಳಚ್ಚು ಮೂಡ್ತದೆ.

ಒಂದ್ಮಾತು ಯೋಳ್ಬುಡ್ಲಾ?
ನಾನು ಹುಡುಗನಾಗಿದ್ದಾಗ
ಹಾರೋಕೊಪ್ಪಲಲ್ಲಿ ಈ ಸೂರ್ಯನ್ನ ಯಾರೂ ಕಂಡಿರ್ಲಿಲ್ಲ.
ಐದು ಗಂಟೆಗೆಲ್ಲ ಬೆಟ್ಟದ ನೆಳ್ಳು ಇಳಿದು ಬರೋದು,
ಮೊದ್ಲು ಹುಣಸೆಮರ, ಆಮೇಲೆ ಸ್ಕೂಲಿನ ಗಂಟೆ,
ಆಮೇಲೆ ನಮ್ಮ ಹಟ್ಟಿ ಬಾಗ್ಲು.
ನೆಳ್ಳು ಹೊಸ್ತಿಲು ಮುಟ್ಟಿದ್ರೆ ಅವ್ವ ದೀಪ ಹಚ್ಚೋಳು.
ದನ ತಾವೇ ತಿರುಗೋವು.
ಬೆಟ್ಟದಾಚೆ ಊರೋರಿಗೆ ಇನ್ನೂ ಬಿಸಿಲು,
ನಮಗೆ ಆಗ್ಲೇ ಉಣ್ಣೋ ಹೊತ್ತು.

ನಾವು ಕುಯ್ತಾ ಓದಂಗೆಲ್ಲ ನೆಳ್ಳು ಮೋಟಾಯ್ತು.
ಒಂದು ವರ್ಷ ಹುಣಸೆಮರಕ್ಕೇ ನಿಂತ್ಬುಡ್ತು.
ಒಂದು ವರ್ಷ ಬರಲೇ ಇಲ್ಲ.
ಅವ್ವ ಬತ್ತಿ ಹೊಸೆದು ಹೊಸ್ತಿಲಲ್ಲಿ ಕುಂತಿದ್ಲು,
"ಏನ್ಲಾ ಮಂಟಯ್ಯ, ಇವತ್ತು ಹೊತ್ತು ಮುಳುಗೋದ್ನೇ ಮರ್ತೋಯ್ತಾ?"
ದನ ಹೊಲದಲ್ಲೇ ನಿಂತಿದ್ವು, ಯಾರೋ ಕರೀತಾರೆ ಅಂತ.
ನಾನು ಮೈಮೇಲಿನ ಧೂಳು ಕೊಡವ್ಕೊಂಡು
ಸುಮ್ಕೆ ಒಳೀಕೋದೆ.

ಮುಕ್ಕಾಲು ಗಂಟೆ ಹಗಲು ಹೆಚ್ಚಾಯ್ತು ನಮ್ಮೂರಿಗೆ.
ಅದನ್ನೇ ಈಗ ಓನರು
ತಲೆಗೆ ಎಂಟ್ನೂರರಂತೆ ಮಾರ್ತಾವ್ರೆ.
ಫೋಟೋ ತಗಳಿ, ಫೋಟೋ ತಗಳಿ,
ನಾನು ಅಡ್ಡ ಬರಕ್ಕಿಲ್ಲ.

ಆರೂ ಹತ್ತು.
ಇದೇ ಹೊತ್ತಿಗೆ ಸೈರನ್ನು ಕೂಗೋದು.
"ಮರೆ! ಮರೆ!" ಅಂತ ಗಂಗಬೋವಿ ಕೆಂಪು ಬಟ್ಟೆ ಬೀಸ್ಕೊಂಡು ಓಡೋನು,
ಲಾರಿ ಅಡಿ ನಾವು, ಬಾಯಿ ತೆರೆದು,
ಕಿವಿ ಮುಚ್ಕೊಂಡು,
ಒಂದು, ಎರಡು...

ಯಾಕೆ ಪುಟ್ಟವ್ವ, ನೀನೂ ಕಿವಿ ಮುಚ್ಕೊಂಡೆ?
ಓ, ನನ್ನ ಕೈ ನೋಡಿ.
ತಗಿ ಮಗ. ನಾನೂ ತಗೀತೀನಿ.
ಏನೂ ಸಿಡಿಯಕ್ಕಿಲ್ಲ. ಕೇಳು,
ಆ ಕಲ್ಲಿನ ಸಂದೀಲಿ ಒಂದು ಕೌಜುಗ ಕೂಗ್ತಾದೆ, ಅಷ್ಟೇ.

ಕಂಬಿ ಇಡ್ಕಳಿ ಸಾ.
ಇಳಿಯೋವಾಗ ಲೈಟ್ ಹಾಕಕ್ಕಿಲ್ಲ ನಾನು.
ತಿರುವು ಕೈಗೇ ಗೊತ್ತದೆ.